ಮನಶ್ಶಾಸ್ತ್ರವೂ ವ್ಯವಹಾರಧರ್ಮವೂ

ಕಳೆದ ಕಾರ್ತಿಕಮಾಸದಲ್ಲಿ, ಅಡಕೆ ಕೊಯ್ಲಿನ ದಿನಗಳಲ್ಲಿ, ನನ್ನ ಹಳೆಯ ಶಿಷ್ಯನೊಬ್ಬನು ಕಡಹಿನಬೈಲಿನ ನಮ್ಮ ಮನೆಗೆ ಮಗಳೊಡನೆ ಬಂದಿದ್ದನು. ಮಗಳು ದ್ವಿತೀಯ ಪಿ.ಯು.ಸಿ. ತರಗತಿಯಲ್ಲಿ ಓದುತ್ತಿದ್ದಳು. ಕುಶಲಪ್ರಶ್ನೆಗಳು ಮುಗಿದ ಮೇಲೆ ಅವನು ಬಂದ ಕಾರ್ಯವನ್ನು ತಿಳಿಸಿದನು. "ಮೇಷ್ಟ್ರೇ, ಇವಳಿಗೆ ಮನಶ್ಶಾಸ್ತ್ರ ಓದಬೇಕೆಂದು ಆಸೆ, ಲಾಯರಾಗಬೇಕೆಂದೂ ಆಸೆ. ಎರಡನ್ನೂ ಕೂಡಿಸಿ ಐದು ವರ್ಷಕ್ಕೆ ಮುಗಿಸುವ ದಾರಿ ಇದೆ; ಬೇರೆ ಬೇರೆಯಾಗಿ ಓದಿದರೆ ಆರು ವರ್ಷ. ತೋಟದ ಸ್ಥಿತಿ ನಿಮಗೆ ಗೊತ್ತೇ ಇದೆ. ಯಾವುದು ಸರಿಯೋ ನೀವೇ ಹೇಳಿ" ಎಂದನು. ಮಗಳು ಅಷ್ಟು ಹೊತ್ತೂ ಸುಮ್ಮನಿದ್ದಳು. ಹೊರಡುವಾಗ ಜಗಲಿಯಲ್ಲಿ ನಿಂತು, "ಅಜ್ಜಯ್ಯ, ಬೇಗ ಓದುವುದು ತಪ್ಪೇ?" ಎಂದು ಒಂದೇ ಮಾತನ್ನು ಕೇಳಿದಳು.

ಆ ಹೊತ್ತಿಗೆ ನನಗೆ ಉತ್ತರ ತೋಚಲಿಲ್ಲ. ಯೋಚಿಸಿ ಹೇಳುತ್ತೇನೆಂದು ಕಳುಹಿಸಿಕೊಟ್ಟೆನು. ಇಂತಹ ಪ್ರಶ್ನೆಯು ಈ ಪತ್ರಿಕೆಯನ್ನು ಓದುವ ಅನೇಕ ಮನೆಗಳಲ್ಲಿ ಈಗ ಎದ್ದಿರಬಹುದು; ಆದಕಾರಣ ನನ್ನ ಯೋಚನೆಯನ್ನು ವಾಚಕರ ಮುಂದಿಡುತ್ತಿದ್ದೇನೆ. ನಾನು ಶೃಂಗೇರಿಯ ಕಡೆಯಲ್ಲಿ ಪಾಠಶಾಲೆಯಲ್ಲಿ ಓದಿ, ಹೈಸ್ಕೂಲಿನಲ್ಲಿ ಸಂಸ್ಕೃತವನ್ನು ಬೋಧಿಸಿ ನಿವೃತ್ತನಾದವನು. ಕಾನೂನಿನ ಪದವೀಧರನೂ ಅಲ್ಲ, ಮನಶ್ಶಾಸ್ತ್ರದ ಪದವೀಧರನೂ ಅಲ್ಲ. ಆದರೂ ಈ ಎರಡು ವಿದ್ಯೆಗಳು ಒಂದನ್ನೊಂದು ಅರಿಯದೆ ಇದ್ದಾಗ ಏನಾಗುವುದೆಂಬುದನ್ನು ನನ್ನ ಜೀವಿತದಲ್ಲಿಯೇ ಕಂಡಿದ್ದೇನೆ. ಅದನ್ನು ಮುಂದೆ ಹೇಳುವೆನು.

ಮೊದಲು ದಾರಿಗಳ ಲೆಕ್ಕವನ್ನು ನೋಡೋಣ. ಹಿಂದೆ ನಮ್ಮ ದೇಶದಲ್ಲಿ ಯಾವುದಾದರೂ ಒಂದು ಪದವಿಯನ್ನು ಪಡೆದವನು ಮಾತ್ರವೇ ಕಾನೂನಿನ ತರಗತಿಗೆ ಸೇರಬೇಕಾಗಿತ್ತು. ಅದು ಈಗಲೂ ಉಂಟು: ಮೂರು ವರ್ಷ ಪದವಿ, ಬಳಿಕ ಮೂರು ವರ್ಷ ಕಾನೂನು. ಪಿ.ಯು.ಸಿ. ಮುಗಿದೊಡನೆ ಸೇರಿ ಐದು ವರ್ಷಗಳಲ್ಲಿ ಎರಡು ಪದವಿಗಳನ್ನೂ ಪಡೆಯುವ ಸಂಯುಕ್ತ ಕ್ರಮವನ್ನು ಭಾರತೀಯ ವಕೀಲರ ಪರಿಷತ್ತು 1982ರಲ್ಲಿ ನಿಶ್ಚಯಿಸಿತು. ಈ ಕ್ರಮಕ್ಕೆ ದೇಶದಲ್ಲಿ ಕೀರ್ತಿ ಬಂದದ್ದು ನಮ್ಮ ಬೆಂಗಳೂರಿನಿಂದಲೇ. ಕರ್ನಾಟಕ ವಿಧಾನಮಂಡಲವು 1986ರಲ್ಲಿ ಮಾಡಿದ ಶಾಸನದಂತೆ ರಾಷ್ಟ್ರೀಯ ಕಾನೂನು ಶಾಲೆಯು ಸ್ಥಾಪಿತವಾಗಿ, ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಪಾಠವನ್ನು ಆರಂಭಿಸಿತು. ಅದನ್ನು ನೋಡಿ ಇತರ ಪ್ರಾಂತಗಳಲ್ಲಿಯೂ ಅಂತಹ ಶಾಲೆಗಳು ಹುಟ್ಟಿದುವು. 2008ರಿಂದ ಇವುಗಳ ಪ್ರವೇಶಕ್ಕೆ ಕ್ಲ್ಯಾಟ್ ಎಂಬ ಸಾಮಾನ್ಯ ಪರೀಕ್ಷೆಯೂ ಬಂದಿತು. 2009ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿಯೂ ಐದು ವರ್ಷದ ಕ್ರಮವುಂಟು. ಇದರ ಮೊದಲ ವರ್ಷಗಳಲ್ಲಿ ಚರಿತ್ರೆ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಕಲಿಸುವುದು ವಾಡಿಕೆ. ಕೆಲವು ವಿದ್ಯಾಲಯಗಳಲ್ಲಿ ಮನಶ್ಶಾಸ್ತ್ರವೂ ಒಂದು ವಿಷಯವಾಗಿದೆ.

ಇಲ್ಲಿ ಎರಡು ನಿಯಮಗಳನ್ನು ತಂದೆತಾಯಿಗಳು ತಿಳಿದಿರಬೇಕು. ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಐದು ವರ್ಷದ ಕ್ರಮಕ್ಕೆ ನಡುವೆ ಬಂದು ಸೇರುವಂತಿಲ್ಲ, ನಡುವೆ ಒಂದು ಪದವಿಯನ್ನು ಹಿಡಿದುಕೊಂಡು ಹೊರಡುವಂತೆಯೂ ಇಲ್ಲ. ಕಾನೂನಿನ ಜೊತೆಗೆ ಅದೇ ಕಾಲದಲ್ಲಿ ಇನ್ನೊಂದು ಪೂರ್ಣಪದವಿಯನ್ನು ಓದುವುದಕ್ಕೂ ಅನುಮತಿಯಿಲ್ಲ. ಎಂದರೆ ಇದು ನಡುವೆ ದಡವಿಲ್ಲದ ಹೊಳೆಯ ಹಾಗೆ. ದೋಣಿಯನ್ನು ಹತ್ತಿದವನು ಆಚೆಯ ದಡದಲ್ಲಿಯೇ ಇಳಿಯಬೇಕು. ಮೂರು ವರ್ಷ ಮನಶ್ಶಾಸ್ತ್ರವನ್ನು ಓದಿದವನಿಗಾದರೋ, ಕೈಯಲ್ಲಿ ಒಂದು ಪದವಿಯಿಟ್ಟುಕೊಂಡು ಇನ್ನೊಮ್ಮೆ ಯೋಚಿಸುವ ಅವಕಾಶವಿರುತ್ತದೆ.

ಅಮೆರಿಕದೇಶದಲ್ಲಿಯೂ ಇದೇ ಬಗೆಯ ಅವಸರವಿದೆ. ಅಲ್ಲಿ ಪದವಿಗೆ ನಾಲ್ಕು ವರ್ಷ, ಕಾನೂನಿಗೆ ಮೂರು ವರ್ಷ. ಕೆಲವು ವಿಶ್ವವಿದ್ಯಾಲಯಗಳು ಪದವಿಯ ನಾಲ್ಕನೆಯ ವರ್ಷವನ್ನೇ ಕಾನೂನಿನ ಮೊದಲನೆಯ ವರ್ಷವೆಂದು ಎಣಿಸಿ, ಏಳನ್ನು ಆರು ಮಾಡಿಕೊಡುತ್ತವೆ. ಮನಶ್ಶಾಸ್ತ್ರವನ್ನೋದುವ ಅಲ್ಲಿನ ತರುಣರು ಈ ದಾರಿಯನ್ನು ಹಿಡಿಯುವುದುಂಟು. ಅಲ್ಲಿ ಏಳು ಆರಾಯಿತು, ಇಲ್ಲಿ ಆರು ಐದಾಯಿತು. ಎರಡು ಕಡೆಯಲ್ಲಿಯೂ ಉಳಿಯುವುದು ಒಂದೇ ವರ್ಷ. ಈ ಒಂದು ವರ್ಷದ ಬೆಲೆಯೇನು ಎಂಬುದೇ ಪ್ರಕೃತ ಪ್ರಶ್ನೆ.

ಬೇಗ ಮುಗಿಸುವುದೇ ಮೇಲೆಂಬ ಪೂರ್ವಪಕ್ಷವನ್ನು ಹಗುರವಾಗಿ ತಳ್ಳುವುದು ಉಚಿತವಲ್ಲ. ನಮ್ಮ ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ತೋಟಗಳನ್ನು ಹಳದಿ ಎಲೆ ರೋಗವು ದಶಕಗಳಿಂದ ತಿನ್ನುತ್ತ ಬಂದಿದೆ. ಈಚೆಗೆ ಎಲೆಚುಕ್ಕೆ ರೋಗವೂ ಅದಕ್ಕೆ ಜೊತೆಯಾಗಿದೆ. ಸೋಗೆ ಹಳದಿಯಾದ ತೋಟದ ಯಜಮಾನನಿಗೆ ಮಗಳ ಒಂದು ವರ್ಷದ ವಿದ್ಯಾರ್ಥಿನಿಲಯದ ವೆಚ್ಚವೆಂದರೆ ಆಟದ ಮಾತಲ್ಲ. ಅವನು ಆ ಹಣವನ್ನು ಸಾಲ ಮಾಡಿ ತರಬೇಕು. ಅದೂ ಅಲ್ಲದೆ, ಹೆಣ್ಣುಮಗಳಿಗೆ ಒಂದು ವರ್ಷ ಹೆಚ್ಚಾದರೆ, "ಇನ್ನೂ ಓದು ಮುಗಿಯಲಿಲ್ಲವೆ?" ಎಂದು ಬಂಧುಗಳು ಕೇಳಲಾರಂಭಿಸುತ್ತಾರೆ, ಆ ಮಾತಿಗೆ ಬೇಸತ್ತು ಓದನ್ನೇ ನಿಲ್ಲಿಸಿದ ಬುದ್ಧಿವಂತೆಯರನ್ನು ನಾನು ಬಲ್ಲೆನು. ಇಂತಿರಲು, ನಿವೃತ್ತಿವೇತನವನ್ನು ತೆಗೆದುಕೊಳ್ಳುತ್ತ ಜಗಲಿಯಲ್ಲಿ ಕುಳಿತವನು "ವಿದ್ಯೆಗೆ ಅವಸರ ಕೂಡದು" ಎಂದು ಉಪದೇಶಿಸುವುದು ಸುಲಭ, ವೆಚ್ಚ ಅವನದಲ್ಲವಷ್ಟೆ.

ಇನ್ನು ಸಿದ್ಧಾಂತಕ್ಕೆ ಬರಬೇಕಾದರೆ, ಈ ಎರಡು ವಿದ್ಯೆಗಳಿಗೆ ಇರುವ ಸಂಬಂಧವು ಯಾವುದೆಂದು ವಿಚಾರಿಸಬೇಕು.

ಕಾನೂನನ್ನು ಈಗಿನವರು ನ್ಯಾಯಶಾಸ್ತ್ರವೆನ್ನುತ್ತಾರೆ. ಪಾಠಶಾಲೆಯಲ್ಲಿ ಓದಿದ ನಮಗೆ ನ್ಯಾಯಶಾಸ್ತ್ರವೆಂದರೆ ಗೌತಮನ ತರ್ಕಶಾಸ್ತ್ರ. ಈಗಿನ ಕಾನೂನಿಗೆ ಸಮೀಪವಾದುದು ಧರ್ಮಶಾಸ್ತ್ರದ ವ್ಯವಹಾರಕಾಂಡ. ಮನಶ್ಶಾಸ್ತ್ರವೆಂಬುದಾದರೋ ಪಾಶ್ಚಾತ್ಯ ರೀತಿಯಲ್ಲಿ ಪ್ರಯೋಗಗಳಿಂದ ಮನಸ್ಸಿನ ವ್ಯಾಪಾರಗಳನ್ನು ಪರೀಕ್ಷಿಸುವ ವಿದ್ಯೆ. ಇದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿಯೇ ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ವಿಭಾಗವನ್ನು ಆರಂಭಿಸಿದರು. ಕಲಕತ್ತೆಯದನ್ನು ಬಿಟ್ಟರೆ ಭಾರತದಲ್ಲಿಯೇ ಅದು ಎರಡನೆಯದು. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಪ್ರಸಾರ ಮಾಡಿದವರೂ ಇವರೇ. ಆ ನಿಲಯದ 'ಆಕಾಶವಾಣಿ' ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಹಬ್ಬಿತು.

ಮನಶ್ಶಾಸ್ತ್ರವನ್ನು ಓದಿದ ವಕೀಲನಿಗೆ ಎದುರಿನವನ ಮನಸ್ಸು ಕನ್ನಡಿಯಂತೆ ಕಾಣುವುದೆಂಬ ಭಾವನೆ ಬಹು ಜನರಲ್ಲಿದೆ. ಸಾಕ್ಷಿಯು ಸುಳ್ಳಾಡುತ್ತಿದ್ದಾನೆಯೇ ಎಂಬುದನ್ನು ಅವನ ಮುಖವನ್ನು ನೋಡಿಯೇ ಹೇಳಬಹುದೆಂದು ನನ್ನ ಶಿಷ್ಯನೂ ನಂಬಿದ್ದನು. ಈ ಭ್ರಾಂತಿಯು ಪುರಾತನವಾದುದು. ಮನುವು ಸ್ವರ, ಮುಖವರ್ಣ, ಇಂಗಿತ, ಆಕಾರಗಳಿಂದ ಜನರ ಒಳಗಿನ ಭಾವವನ್ನು ರಾಜನು ಊಹಿಸಬೇಕೆಂದನು. ಯಾಜ್ಞವಲ್ಕ್ಯನು ಇನ್ನೂ ವಿಸ್ತರಿಸಿ, ಒಂದೆಡೆ ನಿಲ್ಲಲಾರದೆ ಚಡಪಡಿಸುವುದು, ಬಾಯಿಯ ಅಂಚನ್ನು ನೆಕ್ಕುವುದು, ಹಣೆ ಬೆವರುವುದು, ಮುಖದ ಬಣ್ಣ ಬದಲಾಗುವುದು, ಮಾತು ತೊದಲುವುದು ಮೊದಲಾದ ಚಿಹ್ನೆಗಳನ್ನು ದುಷ್ಟವಾದಿಯ ಲಕ್ಷಣಗಳೆಂದು ಎಣಿಸಿದ್ದಾನೆ.

ಆದರೆ ಇಲ್ಲಿಯೇ ನಮ್ಮ ಕನ್ನಡನಾಡಿನ ಒಬ್ಬ ಮಹಾಪಂಡಿತನು ತಡೆದು ನಿಂತು ಯೋಚಿಸಿದನು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರ ಒಳಗಿನ ಅವಧಿಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. 1956ರ ಉತ್ತರಾಧಿಕಾರ ಶಾಸನವು ಬರುವವರೆಗೆ ದೇಶದ ಬಹುಭಾಗದಲ್ಲಿ ಹಿಂದುಗಳ ಆಸ್ತಿವಿಭಾಗವು ಈ ಗ್ರಂಥವನ್ನೇ ಅನುಸರಿಸಿತ್ತೆಂಬುದು ಪ್ರಸಿದ್ಧವಾಗಿದೆ. ಮೇಲಿನ ಚಿಹ್ನೆಗಳ ವಿಷಯದಲ್ಲಿ ಅವನು ಹೇಳುವುದರ ತಾತ್ಪರ್ಯವಿಷ್ಟು: ಇವು ದೋಷದ ಸಂಭಾವನೆಯನ್ನು ಮಾತ್ರ ತೋರಿಸುತ್ತವೆ, ದೋಷವನ್ನು ನಿಶ್ಚಯಿಸಲಾರವು, ಏಕೆಂದರೆ ಮನುಷ್ಯನ ಸಹಜವಾದ ವಿಕಾರವು ಯಾವುದು, ಕಾರಣದಿಂದ ಬಂದ ವಿಕಾರವು ಯಾವುದು ಎಂದು ವಿವೇಚಿಸುವುದು ಕಷ್ಟಸಾಧ್ಯ. ಸ್ವಭಾವದಿಂದಲೇ ಬೆವರುವವನು ಸತ್ಯವನ್ನು ಹೇಳುವಾಗಲೂ ಬೆವರುತ್ತಾನೆ. ಅದನ್ನು ನೋಡಿ ಅವನನ್ನು ಸೋಲಿಸಬಾರದು.

ಸುಮಾರು ಒಂಬೈನೂರು ವರ್ಷಗಳ ಬಳಿಕ ಪ್ರಯೋಗಶಾಲೆಗಳು ಇದನ್ನೇ ಅಂಕೆಗಳಲ್ಲಿ ತೋರಿಸಿವೆ. ಇತರರ ಮಾತನ್ನು ಕೇಳಿ, ಮುಖವನ್ನು ನೋಡಿ, ಇದು ನಿಜ, ಇದು ಸುಳ್ಳು ಎಂದು ಜನರು ಮಾಡಿದ ನಿರ್ಣಯಗಳ ಅನೇಕ ಪರೀಕ್ಷೆಗಳನ್ನು 2006ರಲ್ಲಿ ಬಾಂಡ್ ಮತ್ತು ಡಿಪೌಲೋ ಎಂಬ ಮನಶ್ಶಾಸ್ತ್ರಜ್ಞರು ಕೂಡಿಸಿ ಲೆಕ್ಕಹಾಕಿದರು. ನೂರಕ್ಕೆ ಸುಮಾರು 54 ಮಾತ್ರ ಸರಿಯಾಗಿದ್ದುವು. ನಾಣ್ಯವನ್ನು ಚಿಮ್ಮಿ ನಿರ್ಣಯಿಸಿದರೂ 50 ಸರಿಯಾಗುತ್ತವೆಯಲ್ಲವೆ? ಹೀಗೆ, ಮನಶ್ಶಾಸ್ತ್ರವು ನ್ಯಾಯಾಧೀಶನಿಗೂ ವಕೀಲನಿಗೂ ಕಲಿಸುವ ಮೊದಲನೆಯ ಪಾಠವೇ, ನಿನಗೆ ಪರರ ಮನಸ್ಸು ಕಾಣುವುದಿಲ್ಲ ಎಂಬುದು.

ನಮ್ಮ ನಾಡಿನಿಂದಲೇ ಹೊರಟ ಒಂದು ದಾವೆಯಲ್ಲಿ ಈ ವಿಚಾರವು ಪರಮೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯೆಂದು ಅದಕ್ಕೆ ಹೆಸರು. ಆಪಾದಿತನಿಗೆ ಔಷಧಿಯನ್ನು ಚುಚ್ಚಿ ಅರೆಪ್ರಜ್ಞೆಯಲ್ಲಿ ಮಾತಾಡಿಸುವುದು, ಯಂತ್ರದಿಂದ ಅವನ ಉಸಿರು ನಾಡಿಗಳನ್ನು ಅಳೆದು ಸುಳ್ಳನ್ನು ಹಿಡಿಯುವೆವೆನ್ನುವುದು, ಮೆದುಳಿನ ತರಂಗಗಳನ್ನು ನೋಡಿ ಅವನಿಗೆ ವಿಷಯವು ಗೊತ್ತಿತ್ತೆನ್ನುವುದು, ಇವುಗಳನ್ನು ಅವನ ಒಪ್ಪಿಗೆಯಿಲ್ಲದೆ ನಡೆಸಬಹುದೇ ಎಂಬುದು ಅಲ್ಲಿನ ಪ್ರಶ್ನೆ. ನಡೆಸಕೂಡದೆಂದು 2010ನೆಯ ಮೇ 5ರಂದು ನ್ಯಾಯಾಲಯವು ತೀರ್ಮಾನಿಸಿತು. ಯಾರನ್ನೂ ತನ್ನ ವಿರುದ್ಧವೇ ಸಾಕ್ಷಿಯಾಗಬೇಕೆಂದು ಬಲಾತ್ಕರಿಸಬಾರದೆಂಬ ಸಂವಿಧಾನದ 20ನೆಯ ವಿಧಿಯೂ, ಜೀವ ಸ್ವಾತಂತ್ರ್ಯಗಳನ್ನು ರಕ್ಷಿಸುವ 21ನೆಯ ವಿಧಿಯೂ ಆ ತೀರ್ಮಾನಕ್ಕೆ ಆಧಾರಗಳು. ಮನುಷ್ಯನ ಮನಸ್ಸು ಅವನದೇ ಆದ ಒಳಮನೆ. ಬಾಗಿಲನ್ನು ಒಡೆದು ಒಳಹೊಗುವ ಅಧಿಕಾರವು ರಾಜನಿಗೂ ಇಲ್ಲವೆಂಬ ಈ ನೀತಿಯು ಕಾನೂನು ಮನಶ್ಶಾಸ್ತ್ರಕ್ಕೆ ಕಲಿಸಿದ ಪಾಠ. ಎರಡು ವಿದ್ಯೆಗಳೂ ಒಂದನ್ನೊಂದು ತಿದ್ದುತ್ತವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಈಗ ನನ್ನ ವೃತ್ತಾಂತವನ್ನು ಹೇಳಬೇಕಾಗಿದೆ. ಇದನ್ನು ಇದುವರೆಗೆ ಬರೆದಿರಲಿಲ್ಲ.

ನಾನು ಉಪಾಧ್ಯಾಯನಾಗಿ 1985ರಲ್ಲಿ ಒಂದು ಊರಿಗೆ ಬಂದು, ಒಂದು ತೋಟದ ಪಕ್ಕದ ಮನೆಯಲ್ಲಿ ಬಾಡಿಗೆಗೆ ಇದ್ದೆನು. ತೋಟವು ಅಣ್ಣತಮ್ಮಂದಿರಿಬ್ಬರದು. ಪಾಲಾದ ಮೇಲೆ ಗಡಿಯ ವಿಷಯದಲ್ಲಿ ಜಗಳವೆದ್ದು 1991ರಲ್ಲಿ ದಾವೆಯು ವಿಚಾರಣೆಗೆ ಬಂದಿತು. ಹಲಸಿನ ಮರದ ಬುಡದಲ್ಲಿದ್ದ ಒಂದು ಬಾಂದುಕಲ್ಲು ಎಂದಿನಿಂದ ಅಲ್ಲಿದೆ ಎಂಬುದರ ಮೇಲೆ ಹನ್ನೆರಡು ಗುಂಟೆ ತೋಟದ ನಿರ್ಣಯವು ನಿಂತಿತ್ತು. ಅಣ್ಣನು ನನ್ನನ್ನು ಸಾಕ್ಷಿಯಾಗಿ ಕರೆದನು. ವಿಚಾರಣೆಗೆ ಮುಂಚೆ ಅವನ ವಕೀಲರು ನನ್ನನ್ನು ಮೂರು ನಾಲ್ಕು ಬಾರಿ ಮನೆಗೆ ಕರೆಸಿ, ಕಾಫಿ ಕೊಟ್ಟು, "ಮೇಷ್ಟ್ರೇ, ನೀವು ಈ ಊರಿಗೆ ಬಂದಾಗಿನಿಂದಲೂ ಆ ಕಲ್ಲು ಅಲ್ಲಿಯೇ ಇತ್ತಷ್ಟೆ?" ಎಂದು ಕೇಳುತ್ತಿದ್ದರು. ಕಲ್ಲನ್ನು ನಾನು ನಿತ್ಯವೂ ನೋಡುತ್ತಿದ್ದೆನು. ಮೊದಲ ದಿನ "ಇದ್ದಿರಬೇಕು" ಎಂದೆನು. ಎರಡನೆಯ ದಿನ "ಇತ್ತು" ಎಂದೆನು. ಮೂರನೆಯ ದಿನ, ಬಂದ ವರ್ಷದ ಮಳೆಗಾಲದಲ್ಲಿ ಆ ಕಲ್ಲಿನ ಮೇಲೆ ಹಾವಸೆ ಬೆಳೆದಿದ್ದುದೂ ನನಗೆ ನೆನಪಾಯಿತು. ನ್ಯಾಯಾಲಯದಲ್ಲಿ ಪ್ರಮಾಣಮಾಡಿ ಅದನ್ನೇ ಹೇಳಿದೆನು. ನನ್ನ ಮುಖ ಬೆವರಲಿಲ್ಲ, ನಾಲಗೆ ತೊದಲಲಿಲ್ಲ. ಸಂಸ್ಕೃತದ ಮೇಷ್ಟ್ರು ಸುಳ್ಳಾಡುವವರಲ್ಲವೆಂದು ಎಲ್ಲರೂ ನಂಬಿದರು. ತಮ್ಮನು ಸೋತನು, ಕೆಲವು ವರ್ಷಗಳಲ್ಲಿ ಉಳಿದ ತೋಟವನ್ನೂ ಮಾರಿ ಶಿವಮೊಗ್ಗೆಗೆ ಹೊರಟುಹೋದನು.

2009ರಲ್ಲಿ ಮನೆಯ ಹೆಂಚನ್ನು ಕೈಯಾಡಿಸುವಾಗ ಅಟ್ಟದ ಪೆಟ್ಟಿಗೆಯಲ್ಲಿ ಒಂದು ಛಾಯಾಚಿತ್ರವು ಸಿಕ್ಕಿತು. 1986ರಲ್ಲಿ ಶಾಲೆಯ ಮಕ್ಕಳನ್ನು ಅದೇ ಹಲಸಿನ ಮರದ ಕೆಳಗೆ ಕೂರಿಸಿ ತೆಗೆಸಿದುದು; ಹಿಂದುಗಡೆ ತಾರೀಖನ್ನು ನಾನೇ ಬರೆದಿದ್ದೆನು. ಮರದ ಬುಡವೂ ಸುತ್ತಲಿನ ನೆಲವೂ ಸ್ಪಷ್ಟವಾಗಿ ಕಾಣುತ್ತಿದ್ದುವು. ಅಲ್ಲಿ ಕಲ್ಲಿರಲಿಲ್ಲ.

ಹಾಗಾದರೆ ನಾನು ಸುಳ್ಳಾಡಿದೆನೆ? ಇಲ್ಲ, ನಂಬಿದುದನ್ನೇ ಹೇಳಿದ್ದೆನು. ಸತ್ಯವನ್ನು ಹೇಳಿದೆನೆ? ಅದೂ ಇಲ್ಲ. ಮುಂದೆ ನೋಡಿದ ಕಲ್ಲನ್ನು ನನ್ನ ಮನಸ್ಸು ಹಿಂದಿನ ವರ್ಷಕ್ಕೆ ಹೊತ್ತುಕೊಂಡು ಹೋಗಿ ನೆಟ್ಟು, ಅದರ ಮೇಲೆ ಹಾವಸೆಯನ್ನೂ ಬೆಳೆಸಿತ್ತು. ಇದು ನನ್ನೊಬ್ಬನ ವಿಚಿತ್ರವೆಂದೇ ಬಹಳ ದಿನ ಕೊರಗಿದೆನು. ಆಮೇಲೆ ಓದಿ ತಿಳಿದೆನು: 1974ರಲ್ಲಿ ಎಲಿಜಬೆತ್ ಲಾಫ್ಟಸ್ ಎಂಬ ವಿದುಷಿಯು ಪಾಮರ್ ಎಂಬವರೊಡನೆ ಕೂಡಿ ವಿದ್ಯಾರ್ಥಿಗಳಿಗೆ ಮೋಟಾರುಗಳ ಅಪಘಾತದ ಚಿತ್ರವನ್ನು ತೋರಿಸಿ, ಕೆಲವರಿಗೆ ಗಾಡಿಗಳು "ತಾಗಿದಾಗ" ವೇಗವೆಷ್ಟಿತ್ತೆಂದೂ, ಕೆಲವರಿಗೆ "ಅಪ್ಪಳಿಸಿದಾಗ" ಎಷ್ಟಿತ್ತೆಂದೂ ಕೇಳಿದರು. ಒಂದು ವಾರದ ಬಳಿಕ, ಒಡೆದ ಗಾಜನ್ನು ನೋಡಿದಿರಾ ಎಂದು ಪ್ರಶ್ನಿಸಿದಾಗ, "ತಾಗಿದ" ಎಂಬ ಮಾತನ್ನು ಕೇಳಿದ್ದ 50 ಮಂದಿಯಲ್ಲಿ 7 ಮಂದಿಯೂ, "ಅಪ್ಪಳಿಸಿದ" ಎಂಬುದನ್ನು ಕೇಳಿದ್ದ 50 ಮಂದಿಯಲ್ಲಿ 16 ಮಂದಿಯೂ ನೋಡಿದೆವೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಪ್ರಶ್ನೆಯೊಳಗಿನ ಒಂದು ಶಬ್ದವು ನೆನಪನ್ನು ತಿದ್ದಿಬಿಟ್ಟಿತ್ತು.

ಕಾನೂನು ಇದನ್ನು ಅರಿಯದುದಲ್ಲ. ತಾನು ಕರೆದ ಸಾಕ್ಷಿಯನ್ನು ವಕೀಲನು ಮುಖ್ಯ ವಿಚಾರಣೆಯಲ್ಲಿ ಉತ್ತರವನ್ನು ಸೂಚಿಸುವ ಪ್ರಶ್ನೆಯಿಂದ ಕೇಳಬಾರದೆಂದು 1872ರ ಸಾಕ್ಷ್ಯಶಾಸನವು ವಿಧಿಸಿತ್ತು. 2024ನೆಯ ಜುಲೈ 1ರಿಂದ ಅದರ ಸ್ಥಾನದಲ್ಲಿ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ನಿಯಮವುಂಟು. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ಸಾಬೀತುಪಡಿಸಕೂಡದೆಂಬುದೂ ಹೀಗೆಯೇ ಮುಂದುವರಿದಿದೆ. ಭಯದಲ್ಲಿ ಮನುಷ್ಯನು ಏನನ್ನು ಬೇಕಾದರೂ ಒಪ್ಪಿಯಾನೆಂಬ ಅರಿವೇ ಅದರ ಮೂಲ. ಆದರೆ ಕಾನೂನಿನ ಕಾವಲು ನ್ಯಾಯಾಲಯದ ಹೊಸ್ತಿಲಿನ ಒಳಗೆ. ವಕೀಲರ ಮನೆಯ ಜಗಲಿಯಲ್ಲಿ, ಕಾಫಿಯ ಲೋಟದ ಮುಂದೆ ಕೇಳಿದ ಪ್ರಶ್ನೆಗೆ ಕಾವಲು ಯಾರು? ಆ ವಕೀಲರ ಮನಸ್ಸಾಕ್ಷಿಯೊಂದೇ. ಅವರು ಕೆಟ್ಟವರಾಗಿದ್ದರೆಂದು ನಾನು ಹೇಳಲಾರೆನು. ತಾವು ಏನು ಮಾಡುತ್ತಿರುವೆವೆಂಬುದು ಅವರಿಗೂ ತಿಳಿದಿರಲಿಲ್ಲವೋ ಏನೋ. ತಿಳಿದೂ ಮಾಡಿದ್ದರೆ ಅದು ಬೇರೆಯೇ ಮಾತು.

ಶಿವಮೊಗ್ಗೆಗೆ ಹೋಗಿ ಆ ತಮ್ಮನನ್ನು ಹುಡುಕಿ ಛಾಯಾಚಿತ್ರವನ್ನು ತೋರಿಸಿದೆನು. ಅವನು ಬಹಳ ಹೊತ್ತು ಅದನ್ನು ನೋಡಿ, "ಹೋಗಲಿ ಬಿಡಿ ಮೇಷ್ಟ್ರೇ. ನೀವು ಸುಳ್ಳು ಹೇಳುವವರಲ್ಲ ಅಂತ ನನಗೂ ಗೊತ್ತಿತ್ತು. ನೀವು ಹೇಳಿದ್ದು ಕೇಳಿದ ಮೇಲೆ, ನನ್ನ ನೆನಪೇ ತಪ್ಪಿರಬೇಕು ಅಂತ ನಾನೂ ಅಂದುಕೊಂಡಿದ್ದೆ" ಎಂದನು. ಅವನು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ತೋಟವನ್ನು ಮಾತ್ರವಲ್ಲ, ತನ್ನ ಕಣ್ಣಿನ ಮೇಲಿನ ನಂಬಿಕೆಯನ್ನೂ ಅವನು ನನ್ನ ಮಾತಿನಿಂದ ಕಳೆದುಕೊಂಡಿದ್ದನು.

ಇದನ್ನು ಹೇಳಿದ ಉದ್ದೇಶವಿಷ್ಟೆ. ಮನಸ್ಸನ್ನು ಅರಿಯದ ವ್ಯವಹಾರವು ಸತ್ಯಸಂಧನ ಬಾಯಿಂದಲೂ ಅನ್ಯಾಯವನ್ನು ಮಾಡಿಸೀತು. ಆದುದರಿಂದ ವಕೀಲಿಗೆ ಮುಂಚೆ ಮನಶ್ಶಾಸ್ತ್ರವನ್ನು ಓದಬೇಕೆಂಬ ಆ ಹುಡುಗಿಯ ಆಸೆಯು ಸರಿಯಾದುದೇ. ಆದರೆ ಅದೇ ವಿದ್ಯೆಯು ಎರಡು ಅಲಗಿನ ಕತ್ತಿಯೂ ಹೌದು. ಪ್ರಶ್ನೆಯಿಂದ ನೆನಪು ಬದಲಾಗುವುದೆಂದು ಬಲ್ಲವನು ಅಂತಹ ಪ್ರಶ್ನೆಯನ್ನು ಕೇಳದೆಯೂ ಇರಬಹುದು, ಬೇಕೆಂದೇ ಕೇಳಲೂಬಹುದು. ಮುದುಕಿಯನ್ನೋ ಮಗುವನ್ನೋ ಪಾಟೀಸವಾಲಿನಲ್ಲಿ ಎಲ್ಲಿ ಮುಟ್ಟಿದರೆ ಬೆದರುವರೆಂದು ಅವನಿಗೆ ಗೊತ್ತು. ತಿಳಿಯದೆ ಮಾಡಿದ ವಕೀಲರಿಗಿಂತ ತಿಳಿದು ಮಾಡುವವನ ಪಾಪವು ಹೆಚ್ಚು. ವಿದ್ಯೆಯು ದಾರಿಯನ್ನು ತೋರಿಸುವುದೇ ಹೊರತು, ಯಾವ ಕಡೆಗೆ ನಡೆಯಬೇಕೆಂಬುದನ್ನು ನಡೆಯುವವನೇ ನಿಶ್ಚಯಿಸಬೇಕು. ಪೂರ್ವಿಕರು ವಿದ್ಯೆಗೆ ಮುಂಚೆ ಅಧಿಕಾರವನ್ನು ವಿಚಾರಿಸುತ್ತಿದ್ದುದು ಇದಕ್ಕಾಗಿಯೇ. ಸತ್ಯಕಾಮನು ತನ್ನ ಗೋತ್ರ ಯಾವುದೆಂದು ತಾಯಿಗೂ ತಿಳಿಯದೆಂಬುದನ್ನು ಮರೆಮಾಚದೆ ಹೇಳಿದನಷ್ಟೆ; ಆ ಒಂದು ಸತ್ಯವಚನವನ್ನೇ ಗೌತಮನು ಪ್ರವೇಶಪರೀಕ್ಷೆಯೆಂದು ಎಣಿಸಿದನು.

ಹಾಗಾದರೆ ಕಾಲದ ಮಾತೇನು? ಹೆಚ್ಚು ವರ್ಷ ಓದಿದರೆ ಈ ವಿವೇಕವು ಬರುವುದೆ? ಶ್ವೇತಕೇತುವು ಹನ್ನೆರಡು ವರ್ಷ ಗುರುಕುಲದಲ್ಲಿದ್ದು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮಹಾಗರ್ವದಿಂದ ಮನೆಗೆ ಬಂದನು; ತಂದೆಯು ಕೇಳಿದ ಒಂದು ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ವರ್ಷಗಳು ತಾವಾಗಿ ಮನುಷ್ಯನನ್ನು ಪಕ್ವಮಾಡುವುದಿಲ್ಲ. ಆದರೆ ವರ್ಷಗಳಿಲ್ಲದೆ ಪಾಕವೂ ಆಗುವುದಿಲ್ಲ. ಈ ಗೊಂದಲವು ನಮ್ಮ ನ್ಯಾಯಾಲಯಗಳನ್ನೂ ಕಾಡಿದೆ. ಕೆಳಗಿನ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷ ವಕೀಲಿ ಮಾಡಿದವರನ್ನೇ ತೆಗೆದುಕೊಳ್ಳಬೇಕೆಂದು ಪರಮೋಚ್ಚ ನ್ಯಾಯಾಲಯವು 1993ರಲ್ಲಿ ಹೇಳಿತು. ಇದರಿಂದ ಬುದ್ಧಿವಂತ ತರುಣರು ಬರುತ್ತಿಲ್ಲವೆಂದು, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಜಗನ್ನಾಥ ಶೆಟ್ಟರ ಆಯೋಗದ ಶಿಫಾರಸನ್ನು ಅನುಸರಿಸಿ 2002ರಲ್ಲಿ ಅದನ್ನು ತೆಗೆಯಿತು. ಎರಡು ದಶಕಗಳ ಅನುಭವವಾದ ಮೇಲೆ, 2025ನೆಯ ಮೇ 20ರಂದು, ಕಾಲೇಜಿನಿಂದ ನೇರವಾಗಿ ಪೀಠಕ್ಕೆ ಬಂದವರಿಂದ ತೊಂದರೆಗಳಾದುವೆಂದು ಮೂರು ವರ್ಷದ ನಿಯಮವನ್ನು ಮತ್ತೆ ವಿಧಿಸಿತು. ಪುಸ್ತಕದಲ್ಲಿ ಉಳಿಸಿದ ಕಾಲವನ್ನು ಬೇರೆಲ್ಲಿಯಾದರೂ ತೆರಲೇಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಷ್ಟನ್ನು ಆಲೋಚಿಸಿದ ಮೇಲೆ ನನಗೆ ತೋರಿದ ನಿರ್ಣಯವಿದು. ಬೇಗ ಓದುವುದು ತಪ್ಪಲ್ಲ. ಏಕೆ ಬೇಗವೆಂಬುದು ತಿಳಿಯದೆ ಓದುವುದು ತಪ್ಪು. ಮನಸ್ಸಿನ ವಿದ್ಯೆಯ ಮೇಲೆಯೇ ಪ್ರೀತಿಯಿದ್ದು, ಕಾನೂನು ತನಗೆ ಒಗ್ಗುವುದೋ ಇಲ್ಲವೋ ಎಂಬ ಸಂದೇಹವಿರುವವರು ಆರು ವರ್ಷದ ದಾರಿಯನ್ನೇ ಹಿಡಿಯಬೇಕು. ನಡುವೆ ನಿಂತು ಯೋಚಿಸುವುದಕ್ಕೆ ಅಲ್ಲಿ ಕಟ್ಟೆಯಿದೆ. ಸಂದೇಹವಿಲ್ಲದವರು ಐದು ವರ್ಷದಲ್ಲಿ ಮುಗಿಸಬಹುದು. ಆದರೆ ಅವರು ಮನಶ್ಶಾಸ್ತ್ರವನ್ನು ಕಾನೂನಿನ ಊಟಕ್ಕೆ ಉಪ್ಪಿನಕಾಯಿಯಂತೆ ನಂಚಿಕೊಳ್ಳದೆ, ಪ್ರಯೋಗಗಳನ್ನು ಕೈಯಾರೆ ಮಾಡಿ ಕಲಿಯಬೇಕು. ಯಾವ ದಾರಿಯಲ್ಲಾದರೂ ಸರಿ, ಪದವಿಯಲ್ಲಿ ಒಂದಿಷ್ಟು ಮನಶ್ಶಾಸ್ತ್ರವನ್ನು ಓದಿದ ಮಾತ್ರಕ್ಕೆ ತಾನು ಮನಸ್ಸಿನ ವೈದ್ಯನಾದೆನೆಂದು ಭಾವಿಸಬಾರದು. ತನ್ನ ನೆನಪನ್ನೂ ತನ್ನ ನಿಶ್ಚಯವನ್ನೂ ಮೊದಲು ಅನುಮಾನಿಸಲು ಕಲಿತವನೇ ಪರರನ್ನು ಪ್ರಶ್ನಿಸಲು ಅಧಿಕಾರಿ.

ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಶಿಷ್ಯನಿಗೆ ಕಳುಹಿಸಿದೆನು. ನನ್ನ ಒಲವು ಆರು ವರ್ಷದ ಕಡೆಗಿದ್ದುದು ಅದರಲ್ಲಿ ಕಾಣುತ್ತಿದ್ದಿರಬೇಕು. ಪುಷ್ಯಮಾಸದಲ್ಲಿ ಹುಡುಗಿಯೇ ಒಬ್ಬಳೇ ಬಂದಳು. ತಾನು ಐದು ವರ್ಷದ ಕ್ರಮಕ್ಕೇ ಸೇರುವೆನೆಂದು ಹೇಳಿ, "ಅಜ್ಜಯ್ಯ, ಅಪ್ಪ ಸೊಸೈಟಿಯಲ್ಲಿ ಮಾಡಿರುವ ಸಾಲ ನನಗೆ ಗೊತ್ತು. ಅದನ್ನು ಮರೆತು ಮನಸ್ಸಿನ ವಿದ್ಯೆ ಓದಿದರೆ, ನಾನು ಓದುವುದೇನು? ಉಳಿದ ಒಂದು ವರ್ಷದಲ್ಲಿ ದೊಡ್ಡ ಊರಿಗೆ ಹೋಗುವುದಿಲ್ಲ. ನರಸಿಂಹರಾಜಪುರದ ಕೋರ್ಟಿನಲ್ಲಿ ಹಿಂದಿನ ಬೆಂಚಿನ ಮೇಲೆ ಕೂತು ಸಾಕ್ಷಿಗಳನ್ನು ನೋಡುತ್ತೇನೆ" ಎಂದಳು.

ತಂದೆಯ ಮನಸ್ಸನ್ನು ಇಷ್ಟು ಚೆನ್ನಾಗಿ ಓದಿದವಳಿಗೆ ನಾನು ಇನ್ನೇನು ಹೇಳಲಿ? ಅವಳ ಪ್ರಶ್ನೆಗೆ ಅವಳೇ ಉತ್ತರವನ್ನು ಕೊಟ್ಟುಕೊಂಡಿದ್ದಳು. ಅದು ನನ್ನ ಉತ್ತರಕ್ಕಿಂತ ಒಳ್ಳೆಯದಾಗಿತ್ತು. ಪೆಟ್ಟಿಗೆಯಿಂದ ಆ ಛಾಯಾಚಿತ್ರವನ್ನು ತೆಗೆದು, ಅದರ ಕಥೆಯನ್ನು ಹೇಳಿ, ಅವಳ ಕೈಗೆ ಕೊಟ್ಟೆನು. ಅವಳು ಮರದ ಬುಡವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ, ಆ ತಮ್ಮನವರು ಈಗಲೂ ಶಿವಮೊಗ್ಗೆಯಲ್ಲಿಯೇ ಇದ್ದಾರೆಯೇ ಎಂದು ಕೇಳಿದಳು.